ಬಾಗಿಲ ಮೇಲಿನ ಸೀಮೆಸುಣ್ಣ

ಪರಸ್ಥಳದಲ್ಲಿ ತಂಗುವುದೆಂದರೆ ಹಾಸಿಗೆ, ಊಟ, ಬಾಡಿಗೆ, ಇಷ್ಟೇ ಎಂದು ತಿಳಿದಿದ್ದೆ. 2024ರ ಜನವರಿಯಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಬೆಟ್ಟದೂರೊಂದರಲ್ಲಿ ಎರಡು ದಿನ ಇದ್ದು ಬಂದ ಮೇಲೆ ಆ ತಿಳಿವಳಿಕೆ ಕೊಂಚ ಅಲುಗಿದೆ.

ಮ್ಯೂನಿಕ್ಕಿನಲ್ಲಿ ಉದ್ಯೋಗದಲ್ಲಿರುವ ಅಣ್ಣ ನನ್ನನ್ನು ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಎಂಬ ಊರಿಗೆ ಕರೆದುಕೊಂಡು ಹೋದ. ಆ ಹೆಸರಿಗೆ ನನ್ನ ನಾಲಗೆ ಹೊರಳುವಷ್ಟರಲ್ಲಿ ರೈಲು ಅರ್ಧ ದಾರಿ ಮುಗಿಸಿತ್ತು. ಹೆಸರಿನಲ್ಲಿರುವುದು ಎರಡು ಊರು. 1936ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಗಾಗಿ ಅವನ್ನು 1935ರಲ್ಲಿ ಒಂದು ಮಾಡಿದರಂತೆ. ಊರಿನ ಹಿಂದೆ ಜರ್ಮನಿಯ ಅತಿ ಎತ್ತರದ ಶಿಖರವಾದ ತ್ಸುಗ್‌ಸ್ಪಿಟ್ಸೆ, 2,962 ಮೀಟರು, ಹಿಮ ಹೊದ್ದು ನಿಂತಿತ್ತು.

ನಾವಿಳಿದುಕೊಂಡ ಹೋಟೆಲು ಹಳೆಯ ಕಾಲದ್ದು. ಅಗಲವಾದ ಮರದ ಸೂರು. ಹೊರಗೋಡೆಯ ಮೇಲೆಲ್ಲ ಸಂತರ ಚಿತ್ರಗಳು. ಕಿಟಕಿಯ ಸುತ್ತಲಿನ ಕೆತ್ತನೆ ಎಷ್ಟು ಚೆಂದವೆಂದು ಮುಟ್ಟಿ ನೋಡಿದರೆ ಅದೂ ಬರಿಯ ಬಣ್ಣ! ಬಾಗಿಲುವಾಡದ ಮೇಲೆ ಮಾತ್ರ ಯಾರೋ ಸೀಮೆಸುಣ್ಣದಲ್ಲಿ ‘20*ಸಿ+ಎಂ+ಬಿ+24’ ಎಂದು ಗೀಚಿದ್ದರು.

“ಇದೇನಣ್ಣ, ಬೀಜಗಣಿತ?” ಎಂದೆ.

ಅಣ್ಣ ನಕ್ಕ. “ಹರಕೆ ಕಣೋ. ಜನವರಿ ಆರರ ಹಬ್ಬಕ್ಕೆ ಮಕ್ಕಳು ಮೂವರು ರಾಜರ ವೇಷ ಹಾಕಿಕೊಂಡು ಮನೆಮನೆಗೂ ಹಾಡುತ್ತ ಬರುತ್ತಾರೆ. ಬಡ ಮಕ್ಕಳಿಗೆಂದು ಹಣ ಕೂಡಿಸುತ್ತಾರೆ. ‘ಕ್ರಿಸ್ತನು ಈ ಮನೆಯನ್ನು ಹರಸಲಿ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಇವು. ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂಬ ಆ ರಾಜರ ಹೆಸರೂ ಹೌದು ಎನ್ನುತ್ತಾರೆ. ಆಚೀಚೆ ಇರುವುದು ಈ ವರ್ಷದ ಅಂಕೆ.”

ದೂರದೇಶದಿಂದ ನಡೆದುಬಂದ ರಾಜರ ಹೆಸರಿನ ಕೆಳಗೆ ನಾನೂ ತಲೆ ಬಗ್ಗಿಸಿ ಒಳಗೆ ಹೋದೆ. “ಗ್ರ್ಯೂಸ್ ಗಾಟ್” ಎಂದಳು ಹೋಟೆಲಿನ ಯಜಮಾನಿತಿ. ದೇವರ ಹೆಸರೆತ್ತಿ ಮಾಡುವ ನಮಸ್ಕಾರ ಅದು.

ಊಟದ ಮನೆಯಲ್ಲಿ ಹೆಂಚು ಹೊದಿಸಿದ ದೊಡ್ಡ ಒಲೆ ಬೆಚ್ಚಗೆ ಕುಳಿತಿತ್ತು, ಮೂಲೆಯಲ್ಲಿ ಶಿಲುಬೆ. ನಾವು ಒಲೆಯ ಪಕ್ಕದ ಮೇಜಿಗೆ ಹೋಗಿ ಕುಳಿತುಬಿಟ್ಟೆವು. ಅದು ಊರಿನ ಹಿರಿಯರು ದಿನವೂ ಕೂಡುವ ಮೇಜೆಂದು ಗೊತ್ತಾಗಿ ಏಳುವಷ್ಟರಲ್ಲಿ, ಎಂಬತ್ತು ದಾಟಿದಂತಿದ್ದ ಒಬ್ಬರು ಬಂದು, ಕೈಸನ್ನೆ ಮಾಡಿ ಕೂರಿಸಿದರು. ಅವರ ಸಲಹೆಯಂತೆಯೇ ಕ್ನೋಡೆಲ್ ತರಿಸಿದೆವು. ಒಣಗಿದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಉಂಡೆ ಕಟ್ಟಿ ಬೇಯಿಸಿದ್ದು. ಮೇಲೆ ಅಣಬೆಯ ಗೊಜ್ಜು. ನಮ್ಮ ನುಚ್ಚಿನುಂಡೆಯ ದೂರದ ನೆಂಟನೆನ್ನಬಹುದು.

ಮಾತು ಬೆಳೆಸಲೆಂದು, “ಒಲಿಂಪಿಕ್ ನಡೆದ ಊರು. ನಿಮಗೆ ಬಹಳ ಹೆಮ್ಮೆಯಿರಬೇಕು” ಎಂದೆ. ಅಣ್ಣ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದ. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಾನು ಹುಟ್ಟುವ ಮೊದಲಿನ ಮಾತು. ಯೆಹೂದ್ಯರು ಬರಕೂಡದು ಎಂಬ ಫಲಕಗಳು ಈ ಊರಿನಲ್ಲಿದ್ದವು. ಕ್ರೀಡೆಗೆ ಬರುವ ಪರದೇಶದವರ ಕಣ್ಣಿಗೆ ಬೀಳಬಾರದೆಂದು ಅವನ್ನು ಬಿಚ್ಚಿಸಿದರು. 1938ರ ನವೆಂಬರ್ 10ರಂದು, ಇಲ್ಲಿದ್ದ ಯೆಹೂದ್ಯರನ್ನೆಲ್ಲ ಕೆಲವೇ ಗಂಟೆಗಳಲ್ಲಿ ಊರು ಬಿಡಿಸಿದರು. ಆ ವರ್ಷವೂ ಬಾಗಿಲುಗಳ ಮೇಲೆ ಹರಕೆ ಇದ್ದಿರಬೇಕು.”

ಗಂಟಲಲ್ಲಿ ತುತ್ತು ನಿಂತಿತು. ಅವರ ಊರಿನ ಬಗೆಗೆ ಮರುಗಿ ಸುಮ್ಮನಾಗಬಹುದಿತ್ತು. ಆದರೆ ರಾತ್ರಿ ಹಂಸತೂಲಿಕಾತಲ್ಪದಂಥ ಆ ಹಾಸಿಗೆಯಲ್ಲಿ ನಿದ್ದೆ ಹತ್ತದೆ, ಕಣ್ಣ ಮುಂದೆ ಬಂದದ್ದು ನಮ್ಮ ಅಜ್ಜಿಯ ಮನೆಯ ಜಗಲಿ. ದಣಿದು ಬಂದವರಿಗೆ ಅಲ್ಲಿ ಮಜ್ಜಿಗೆ, ಬೆಲ್ಲ ಎಂದೂ ತಪ್ಪಿದ್ದಿಲ್ಲ. ನಮ್ಮ ಮನೆಯ ಸತ್ಕಾರವೆಂದರೆ ಸುತ್ತ ಹೆಸರು. ಆದರೆ ಅಂಗಳದಾಚೆಯೇ ನಿಂತು, ಬೊಗಸೆಯೊಡ್ಡಿ ನೀರು ಕುಡಿದು ಹೋಗುತ್ತಿದ್ದವರೂ ಇದ್ದರು. ಬೊಗಸೆಗೆ ತಾಗದಂತೆ ಮೇಲಿನಿಂದ ಹೊಯ್ಯುತ್ತಿದ್ದ ಚೊಂಬು ಒಮ್ಮೊಮ್ಮೆ ನನ್ನ ಕೈಯಲ್ಲೇ ಇರುತ್ತಿತ್ತು. ನಮ್ಮ ಬಾಗಿಲಿಗೆ ಫಲಕದ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಹೊರಡುವಾಗ ಯಜಮಾನಿತಿಯನ್ನು ಕೇಳಿದೆ: “ಈ ಬರಹ ಎಷ್ಟು ದಿನ ಇರುತ್ತದೆ?”

“ಮುಂದಿನ ಜನವರಿಯವರೆಗೆ. ಆಮೇಲೆ ಮಕ್ಕಳು ಬಂದು ಹೊಸ ವರ್ಷದ ಅಂಕೆ ಬರೆಯುತ್ತಾರೆ” ಎಂದಳು.

ಒಮ್ಮೆ ಬರೆದರೆ ಸಾಲದು. ವರ್ಷವರ್ಷವೂ ಹೊಸದಾಗಿ ಬರೆಯಬೇಕು. ದಾರಿಯುದ್ದಕ್ಕೂ ಆ ಮಾತೇ ಮನಸ್ಸಿನಲ್ಲಿತ್ತು.

ಊರಿಗೆ ಬಂದು ಅಜ್ಜಿಗೆ ಹಿಮದ ಬೆಟ್ಟದ ಚಿತ್ರಗಳನ್ನೆಲ್ಲ ತೋರಿಸಿದೆ. ಕನ್ನಡಕ ಏರಿಸಿಕೊಂಡು ಸಂತೋಷದಿಂದ ನೋಡಿದರು. ಚೊಂಬಿನ ಮಾತನ್ನು ಮಾತ್ರ ನಾನಿನ್ನೂ ಎತ್ತಿಲ್ಲ. ಎತ್ತಬೇಕು.