ಇಳಿಸೋ ಮುಂಚೆ ವೈರ್ ನೋಡಿ



ಇಲ್ಲಿ ನಾನು ಸಾಮಾನ್ಯವಾಗಿ ಬರೆಯೋದು ಸ್ಮಶಾನ ಭೂಮಿ, ಹಾಸ್ಟೆಲ್ ಊಟ, ಒಳಮೀಸಲಾತಿ ಇಂಥ ವಿಷಯ. ಇವತ್ತು ನನ್ನ ಹೊಟ್ಟೆಪಾಡಿನ ಕೆಲಸದ ಬಗ್ಗೆ ಬರೀತೀನಿ. ಉದ್ದ ಇದೆ, ತಾಳ್ಮೆಯಿಂದ ಓದಿ. ಪೌರಕಾರ್ಮಿಕರ ಸಂಘಗಳಲ್ಲಿ ಇರೋರು, ಯುಜಿಡಿ ಕಾರ್ಮಿಕರ ಜೊತೆ ಕೆಲಸ ಮಾಡೋರು ಕೊನೆಯ ಭಾಗವನ್ನಾದರೂ ಉಳಿಸಿಟ್ಟುಕೊಳ್ಳಿ.

ನಾನು ಪಿಎಲ್‌ಸಿ ರಿಪೇರಿ ಮಾಡೋನು. ಪಿಎಲ್‌ಸಿ ಅಂದ್ರೆ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳ ಅಗತ್ಯದಿಂದ ಹುಟ್ಟಿದ ಗಟ್ಟಿ ಕಂಪ್ಯೂಟರ್. ಈಗ ಕಾರ್ಖಾನೆ, ಸಕ್ಕರೆ ಮಿಲ್ಲು, ಕುಡಿಯುವ ನೀರಿನ ಘಟಕ, ಕೊಳಚೆ ನೀರಿನ ಪಂಪ್‌ಹೌಸ್, ಎಲ್ಲ ಕಡೆ ಇದೆ. ಸೆನ್ಸರ್ ಹೇಳಿದ್ದನ್ನ ಕೇಳಿಸಿಕೊಂಡು ಮೋಟರ್ ಆನ್ ಮಾಡುತ್ತೆ, ಆಫ್ ಮಾಡುತ್ತೆ. ಈ ಮಾತುಕತೆ ನಡೆಯೋದು ವೈರ್ ಮೇಲೆ. ಮಾತು ನಿಂತಾಗ ನನಗೆ ಫೋನ್ ಬರುತ್ತೆ. 'ಕಮ್ಯುನಿಕೇಷನ್ ಫೇಲ್ ಅಂತ ಬರ್ತಿದೆ, ಬೇಗ ಬನ್ನಿ.'

ಇದನ್ನ ಹೋರಾಟದ ಗೆಳೆಯರಿಗೆ ಯಾಕೆ ಹೇಳ್ತಿದೀನಿ ಅಂದ್ರೆ, ಬಿಸ್ಕತ್ತು ಕಾರ್ಖಾನೆಯಲ್ಲಿ ಕಮ್ಯುನಿಕೇಷನ್ ಹೋದ್ರೆ ಬಿಸ್ಕತ್ತು ಸೀಯುತ್ತೆ. ಯುಜಿಡಿ ಪಂಪ್‌ಹೌಸ್‌ನಲ್ಲಿ ಕಮ್ಯುನಿಕೇಷನ್ ಹೋದ್ರೆ ಒಬ್ಬ ಮನುಷ್ಯನನ್ನ ಗುಂಡಿಗೆ ಇಳಿಸ್ತಾರೆ. ಆ ಮನುಷ್ಯ ಯಾವ ಕೇರಿಯವನು ಅಂತ ನಾನು ಹೇಳಬೇಕಾಗಿಲ್ಲ.

ಪಂಪ್‌ಹೌಸ್ ಹೇಗಿರುತ್ತೆ ಅಂತ ಮೊದಲು ಹೇಳ್ತೀನಿ. ಊರಿನ ಕೊಳಚೆಯೆಲ್ಲ ಪೈಪುಗಳಲ್ಲಿ ಹರಿದು ಒಂದು ಆಳದ ಬಾವಿಗೆ ಬಂದು ಬೀಳುತ್ತೆ. ಅದನ್ನ ವೆಟ್‌ವೆಲ್ ಅಂತಾರೆ. ಬಾವಿಯ ಮೇಲೆ ಮಟ್ಟ ಅಳೆಯೋ ಸೆನ್ಸರ್ ಇರುತ್ತೆ. ಮಟ್ಟ ಏರಿದಾಗ ಪಿಎಲ್‌ಸಿ ಪಂಪ್ ಆನ್ ಮಾಡಿ, ಕೊಳಚೆಯನ್ನ ಶುದ್ಧೀಕರಣ ಘಟಕಕ್ಕೆ ತಳ್ಳುತ್ತೆ. ಇಳಿದಾಗ ನಿಲ್ಲಿಸುತ್ತೆ. ಸೆನ್ಸರ್‌ನಿಂದ ಪಿಎಲ್‌ಸಿವರೆಗೆ ಎಷ್ಟೋ ಕಡೆ ಆರ್‌ಎಸ್-485 ಅನ್ನೋ ಲೈನ್ ಇರುತ್ತೆ. ಒಂದಕ್ಕೊಂದು ಹೆಣೆದ ಎರಡು ತೆಳು ವೈರು, ಅಷ್ಟೇ. ಅದರ ಮೇಲೆ ಓಡೋ ಭಾಷೆಯ ಹೆಸರು ಮೋಡ್‌ಬಸ್. 1979ರಲ್ಲಿ ಬಂದಿದ್ದು, ಇವತ್ತಿಗೂ ಓಡ್ತಾ ಇದೆ.

ಇಲ್ಲಿ ಒಂದು ಅಪಾಯ ಇದೆ, ಇದನ್ನ ಚೆನ್ನಾಗಿ ತಿಳ್ಕೊಳ್ಳಿ. ವೈರ್ ಕಟ್ ಆದ್ರೆ ಸ್ಕ್ರೀನ್ ಮೇಲಿನ ಅಂಕಿ ಸೊನ್ನೆ ಆಗುತ್ತೆ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಎಷ್ಟೋ ಕಡೆ ಹಾಗಾಗಲ್ಲ. ಪ್ರೋಗ್ರಾಂ ಬರೆದವರು ಬೇರೆ ವ್ಯವಸ್ಥೆ ಮಾಡದೇ ಇದ್ರೆ, ಕೊನೆಗೆ ಬಂದ ಅಂಕಿ ಹಾಗೇ ನಿಂತುಬಿಡುತ್ತೆ. ಬಾವಿ ತುಂಬಿ ಉಕ್ಕುತ್ತಾ ಇದ್ರೂ ಸ್ಕ್ರೀನ್ ಮೇಲೆ 1.8 ಮೀಟರ್ ಅಂತಲೇ ಇರುತ್ತೆ. ಪಿಎಲ್‌ಸಿಯೂ ಆ ಸತ್ತ ಅಂಕಿಯನ್ನೇ ನಂಬಿ ಸುಮ್ಮನೆ ಕೂತಿರುತ್ತೆ.

ಹೋದ ಮಳೆಗಾಲದಲ್ಲಿ ಒಂದು ಊರಿನ ಪಂಪ್‌ಹೌಸ್‌ನಲ್ಲಿ ಆಗಿದ್ದು ಇದೇ. ಪಂಪ್ ಆನ್ ಆಗಬೇಕಿದ್ದದ್ದು 2.5 ಮೀಟರ್‌ಗೆ. ಸ್ಕ್ರೀನ್ 1.8ಕ್ಕೆ ನಿಂತಿತ್ತು, ಪಂಪ್ ಆಫ್. ತಗ್ಗಿನಲ್ಲಿರೋ ನಮ್ಮವರ ಕೇರಿಯ ಮ್ಯಾನ್‌ಹೋಲ್‌ಗಳು ಉಕ್ಕಿ ಮನೆ ಬಾಗಿಲಿಗೆ ಕೊಳಚೆ ಬಂದಿತ್ತು. ನಾನು ಹೋಗೋ ಹೊತ್ತಿಗೆ ಮೇಸ್ತ್ರಿ ಒಬ್ಬ ಗುತ್ತಿಗೆ ಕಾರ್ಮಿಕರಿಗೆ ಹೇಳ್ತಿದ್ದ, 'ಸೆನ್ಸರ್‌ಗೆ ಕಸ ಮೆತ್ತಿಕೊಂಡಿರ್ಬೇಕು, ಏಣಿ ಹಾಕೊಂಡು ಇಳಿದು ಒರೆಸಿ ಬಾರೋ, ಐದು ನಿಮಿಷದ ಕೆಲಸ.' ಆ ಅಣ್ಣನ ವಯಸ್ಸು ಐವತ್ತರ ಮೇಲೆ. ಅವರು ಆಗಲೇ ಲುಂಗಿ ಎತ್ತಿ ಕಟ್ಟಿದ್ರು.

'ಅಣ್ಣ, ನೀವು ಇಳೀಬೇಡಿ. ಒಂದು ಗಂಟೆ ಕೊಡಿ ನನಗೆ' ಅಂದೆ.

'ಇಳೀದೇ ಇದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಸಾರ್' ಅಂದ್ರು.

ಮೇಸ್ತ್ರಿ ನನ್ನ ಮೇಲೆ ರೇಗಿದ. ಮೊದಲು ಪ್ಯಾನಲ್‌ನಲ್ಲಿ ಸ್ವಿಚ್ಚನ್ನ ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ ಪಂಪ್ ಆನ್ ಮಾಡಿದೆ. ಪಂಪ್ ಕೆಟ್ಟಿರಲಿಲ್ಲ, ತಕ್ಷಣ ಓಡ್ತು. ಒಬ್ಬರಿಗೆ ಮೇಲಿನಿಂದಲೇ ಟಾರ್ಚ್ ಬಿಟ್ಟು ಮಟ್ಟ ನೋಡ್ತಾ ಇರೋಕೆ ಹೇಳಿದೆ, ಬಾವಿ ಖಾಲಿಯಾಗಿ ಪಂಪ್ ಒಣಗಿ ಓಡಬಾರದಲ್ಲ. ಕೇರಿಯಲ್ಲಿ ನೀರು ಇಳಿಯೋಕೆ ಶುರುವಾಯ್ತು. ಅರ್ಜೆಂಟ್ ಅನ್ನೋ ನೆಪ ಅಲ್ಲಿಗೆ ಮುಗೀತು.

ಆಮೇಲೆ ಲ್ಯಾಪ್‌ಟಾಪ್ ಹಾಕಿ ಯಾರು ಮಾತಾಡ್ತಿದಾರೆ, ಯಾರು ಇಲ್ಲ ಅಂತ ನೋಡಿದೆ. ಆ ಲೈನ್ ಮೇಲೆ ನಾಲ್ಕು ಸಾಧನ ಇದ್ವು. ಒಂದು, ಎರಡು ಉತ್ತರ ಕೊಡ್ತಿದ್ವು. ಮೂರು, ನಾಲ್ಕು ಕೊಡ್ತಿರಲಿಲ್ಲ. ಮಟ್ಟದ ಸೆನ್ಸರ್ ಮೂರನೇದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೋಡ್‌ಬಸ್‌ನಲ್ಲಿ ಉತ್ತರ ಸಿಗದೇ ಇರೋದರಲ್ಲಿ ಎರಡು ಬಗೆ. ಒಂದು ಟೈಮ್‌ಔಟ್, ಅಂದ್ರೆ ಪೂರ್ತಿ ಮೌನ. ಇನ್ನೊಂದು ಎಕ್ಸೆಪ್ಷನ್, ಅಂದ್ರೆ 'ನೀನು ಕೇಳಿದ್ದು ನನ್ನ ಹತ್ರ ಇಲ್ಲ' ಅನ್ನೋ ಉತ್ತರ. ಎಕ್ಸೆಪ್ಷನ್ ಬಂತು ಅಂದ್ರೆ ವೈರ್ ಸರಿ ಇದೆ, ತಪ್ಪು ಪ್ರೋಗ್ರಾಂನಲ್ಲಿದೆ. ಎಷ್ಟೋ ಸಲ ರಿಜಿಸ್ಟರ್ ನಂಬರ್ ಒಂದು ಅಂಕಿ ಆಚೀಚೆ ಆಗಿರುತ್ತೆ. ಮೌನ ಅಂದ್ರೆ ವೈರ್ ನೋಡಬೇಕು, ಕರೆಂಟ್ ಇದೆಯಾ ನೋಡಬೇಕು, ವಿಳಾಸ ಮತ್ತು ವೇಗ ಹೊಂದುತ್ತಾ ನೋಡಬೇಕು. ಇಲ್ಲಿ ಬಂದದ್ದು ಮೌನ. ಅದೂ ಎರಡು ಸಾಧನ ಒಟ್ಟಿಗೆ. ಎರಡೂ ಒಂದೇ ದಿನ ಕೆಡೋದು ಅಪರೂಪ. ಹಾಗಾದ್ರೆ ಎರಡನೇದಕ್ಕೂ ಮೂರನೇದಕ್ಕೂ ಮಧ್ಯೆ ವೈರ್ ಹೋಗಿರ್ಬೇಕು.

ಖಾತ್ರಿ ಮಾಡ್ಕೊಳ್ಳೋಕೆ ಮಲ್ಟಿಮೀಟರ್ ಸಾಕು. ಈ ಲೈನ್‌ನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿರ್ತಾರೆ. ಪವರ್ ಆಫ್ ಮಾಡಿ ಎರಡು ವೈರ್ ಮಧ್ಯೆ ಅಳೆದರೆ ಹೆಚ್ಚುಕಮ್ಮಿ 60 ಓಮ್ ಬರ್ಬೇಕು. ನನಗೆ ಬಂದದ್ದು 120. ಅಂದ್ರೆ ಆ ಕಡೆಯ ತುದಿ ಈ ಕಡೆಗೆ ಕಾಣ್ತಾ ಇಲ್ಲ. ವೈರ್ ಹಿಡ್ಕೊಂಡು ನಡೆದೆ. ಬಾವಿಯಿಂದ ಇಪ್ಪತ್ತು ಅಡಿ ಈಚೆ ಗೋಡೆ ಮೇಲೆ ಒಂದು ಜಂಕ್ಷನ್ ಬಾಕ್ಸ್. ಮುಚ್ಚಳದ ರಬ್ಬರ್ ಹರಿದು ಮಳೆನೀರು ಒಳಗೆ ಹೋಗಿತ್ತು. ಟರ್ಮಿನಲ್ ಹಸಿರು ಕಿಲುಬು ಹಿಡಿದು ಒಂದು ವೈರ್ ಕಳಚಿ ಬಿದ್ದಿತ್ತು. ವೈರ್ ಕತ್ತರಿಸಿ, ಹೊಸ ಟರ್ಮಿನಲ್ ಹಾಕಿ ಬಿಗಿ ಮಾಡಿದೆ. ಮತ್ತೆ ಅಳೆದೆ, 60. ಪವರ್ ಆನ್ ಮಾಡಿದ ತಕ್ಷಣ ಅಂಕಿಗೆ ಜೀವ ಬಂತು, 2.9, 2.8 ಅಂತ ಇಳಿಯೋಕೆ ಶುರುವಾಯ್ತು.

ಬಾವಿಯೊಳಗೆ ಯಾರೂ ಇಳೀಲಿಲ್ಲ. ಸೆನ್ಸರ್‌ಗೆ ಕಸವೂ ಮೆತ್ತಿರಲಿಲ್ಲ. ಆ ಅಣ್ಣ ಇಳಿದು ಒರೆಸಿದ್ರೂ ಅಂಕಿ 1.8ಕ್ಕೇ ನಿಂತಿರ್ತಿತ್ತು. ಆಗ ಮೇಸ್ತ್ರಿ ಏನಂತಿದ್ದ? 'ಸರಿಯಾಗಿ ಒರೆಸಿಲ್ಲ, ಇನ್ನೊಂದ್ಸಲ ಇಳಿ' ಅಂತಿದ್ದ.

ಕೆಳಗೆ ಏನಿರುತ್ತೆ ಅಂತ ನಿಮಗೆ ಗೊತ್ತು. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ. ಪ್ರಮಾಣ ಹೆಚ್ಚಾದಾಗ ಮೂಗೇ ಸೋತುಹೋಗಿ ವಾಸನೆ ಗೊತ್ತಾಗಲ್ಲ. ವಾಸನೆ ಹೋಯ್ತು, ಗಾಳಿ ಸರಿಯಾಯ್ತು ಅಂದುಕೊಂಡವರು ಅಲ್ಲೇ ಬೀಳ್ತಾರೆ. ಅವರನ್ನ ಎತ್ತೋಕೆ ಇಳಿದವರೂ ಬೀಳ್ತಾರೆ.

ಈಗ ನನ್ನ ವೃತ್ತಿಯ ಒಳಗಿನ ಜಾತಿ ಬಗ್ಗೆ. ನಾನು ಐಟಿಐ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಜಾಗದಲ್ಲಿ ಯಾರೂ ಬಾಯಿಬಿಟ್ಟು ಜಾತಿ ಕೇಳಲಿಲ್ಲ. ಊರು ಕೇಳಿದ್ರು, ಊರಲ್ಲಿ ಮನೆ ಯಾವ ಕಡೆ ಅಂತ ಕೇಳಿದ್ರು, ಅಪ್ಪ ಏನ್ಮಾಡ್ತಾರೆ ಅಂದ್ರು. ಅಷ್ಟು ಸಾಕು. ಆಮೇಲೆ ಕೆಲಸ ಹಂಚಿಕೆ ತಾನಾಗೇ ಆಯ್ತು. ಲ್ಯಾಪ್‌ಟಾಪ್, ಪ್ರೋಗ್ರಾಂ, ಪಾಸ್‌ವರ್ಡ್, ಎಸಿ ಕಂಟ್ರೋಲ್ ರೂಮ್ ಕೆಲವರಿಗೆ. ಕೇಬಲ್ ಎಳೆಯೋದು, ಟ್ರೆಂಚ್‌ಗೆ ಇಳಿಯೋದು, ಟರ್ಮಿನಲ್ ಬಿಗಿ ಮಾಡೋದು ನನಗೆ, ನನ್ನಂಥ ಇನ್ನಿಬ್ಬರಿಗೆ. ಟ್ರೈನಿಂಗ್‌ಗೆ ಕಳಿಸೋ ಪಟ್ಟಿಯಲ್ಲಿ ನಾಲ್ಕು ವರ್ಷ ನಮ್ಮ ಹೆಸರು ಬರಲಿಲ್ಲ.

ಆದ್ರೆ ನೆಟ್‌ವರ್ಕ್ ಬಗ್ಗೆ ಅವರು ಲೆಕ್ಕಕ್ಕೆ ತಗೊಳ್ಳದ ಒಂದು ಸತ್ಯ ಇದೆ. ನಾನು ಅಟೆಂಡ್ ಮಾಡಿರೋ ಕಮ್ಯುನಿಕೇಷನ್ ಫಾಲ್ಟ್‌ಗಳಲ್ಲಿ ಬಹಳಷ್ಟು ಪ್ರೋಗ್ರಾಂನಲ್ಲಿ ಇರಲಿಲ್ಲ, ಕೇಬಲ್‌ನಲ್ಲಿ ಇದ್ವು. ಸಡಿಲ ಟರ್ಮಿನಲ್, ನೀರು ಹೊಕ್ಕ ಬಾಕ್ಸ್, ಮೋಟರ್ ಡ್ರೈವ್‌ನ ಪವರ್ ಕೇಬಲ್ ಪಕ್ಕದಲ್ಲೇ ಒಂದೇ ಟ್ರೇನಲ್ಲಿ ಎಳೆದ ಸಿಗ್ನಲ್ ವೈರ್, ಅರ್ಥಿಂಗ್ ಸರಿಯಿಲ್ಲದ ಶೀಲ್ಡ್. ಕೀಳು ಕೆಲಸ ಅಂತ ನಮಗೆ ಕೊಟ್ಟ ಜಾಗದಲ್ಲೇ ಉತ್ತರ ಇರ್ತಿತ್ತು.

ಒಂದ್ಸಲ ಕಾರ್ಖಾನೆಯೊಂದರಲ್ಲಿ ಪಿಎಲ್‌ಸಿ ಆಗಾಗ ನೆಟ್‌ವರ್ಕ್‌ನಿಂದ ಮಾಯವಾಗ್ತಿತ್ತು. ಸೀನಿಯರ್ ಇಂಜಿನಿಯರ್ ಹೊಸ ಪಿಎಲ್‌ಸಿ ತರಿಸೋಣ ಅಂದಿದ್ರು. ನಾನು ಪಿಎಲ್‌ಸಿಯ ಕೇಬಲ್ ಕಿತ್ತು ಕೈಯಲ್ಲಿ ಹಿಡ್ಕೊಂಡು, ಅದರ ಐಪಿ ವಿಳಾಸಕ್ಕೆ ಪಿಂಗ್ ಮಾಡಿ ಸಾರ್ ಅಂದೆ. ಉತ್ತರ ಬಂತು. ಕೇಬಲ್ ನನ್ನ ಕೈಯಲ್ಲಿದೆ, ಹಾಗಾದ್ರೆ ಉತ್ತರ ಕೊಡ್ತಿರೋದು ಯಾರು? ಹಿಂದಿನ ವಾರ ಹಾಕಿದ್ದ ಸಿಸಿಟಿವಿ ಕ್ಯಾಮೆರಾ. ಎರಡಕ್ಕೂ ಒಂದೇ ಐಪಿ. ಅದಾದ ಮೇಲೂ ರಿಪೋರ್ಟ್‌ನಲ್ಲಿ ನನ್ನ ಹೆಸರು ಬರಲಿಲ್ಲ. ಇರಲಿ. ಕಲಿತದ್ದನ್ನ ಯಾರೂ ಕಿತ್ತುಕೊಳ್ಳೋಕೆ ಆಗಲಿಲ್ಲ.

ಇನ್ನೊಂದು ಮಾತು. ಮೋಡ್‌ಬಸ್‌ನಲ್ಲಿ ಪ್ರಶ್ನೆ ಕೇಳೋ ಸಾಧನಕ್ಕೆ 'ಮಾಸ್ಟರ್' ಅಂತ, ಉತ್ತರ ಕೊಡೋದಕ್ಕೆ 'ಸ್ಲೇವ್' ಅಂತ ಹೆಸರಿಟ್ಟಿದ್ರು. ಯಜಮಾನ, ಗುಲಾಮ. ಗುಲಾಮ ತಾನಾಗಿ ಮಾತಾಡೋ ಹಾಗಿಲ್ಲ, ಕೇಳಿದಾಗ ಮಾತ್ರ ಮಾತಾಡ್ಬೇಕು. 2020ರ ಜುಲೈನಲ್ಲಿ ಮೋಡ್‌ಬಸ್ ಸಂಸ್ಥೆ ಈ ಪದಗಳನ್ನ ಕೈಬಿಟ್ಟು ಕ್ಲೈಂಟ್, ಸರ್ವರ್ ಅಂತ ಮಾಡ್ತು. ಒಳ್ಳೇದೇ. ಆದ್ರೆ ನಮ್ಮ ಸೈಟ್‌ಗಳಲ್ಲಿ ಇವತ್ತಿಗೂ 'ಸ್ಲೇವ್ ಮೂರು ಸತ್ತಿದೆ ನೋಡೋ' ಅಂತಲೇ ಕೂಗ್ತಾರೆ. ಕೈಪಿಡಿಯಲ್ಲಿ ಪದ ಬದಲಾದ್ರೆ ಸಾಲದು, ಬಾವಿ ಬಾಯಲ್ಲಿ ಯಾರು ನಿಂತಿರ್ತಾರೆ ಅನ್ನೋದು ಬದಲಾಗಬೇಕು.

ಕಾನೂನು ಇದೆ. 2013ರ ಕಾಯ್ದೆ ಮಲ ಹೊರಿಸೋದನ್ನಷ್ಟೇ ಅಲ್ಲ, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಸ್ವಚ್ಛತೆಗೆ ಜನರನ್ನ ಹಚ್ಚೋದನ್ನೂ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಪರಿಹಾರಕ್ಕಾಗಿ ನಾವು ಹೋರಾಡಲೇಬೇಕು, ಹೋರಾಡ್ತೀವಿ. ಆದ್ರೆ ಸಾವು ಆಗೋ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಇವೆ, ಅವು ತಾಂತ್ರಿಕ ಪ್ರಶ್ನೆಗಳು. ಅದು ಇಂಜಿನಿಯರ್‌ಗಳ ವಿಷಯ ಅಂತ ಬಿಟ್ಟುಕೊಡಬೇಡಿ. ನಿಮ್ಮ ಊರಿನ ಪಂಪ್‌ಹೌಸ್‌ಗೆ ಹೋಗಿ ಇವನ್ನ ಕೇಳಿ:

1. ಸೆನ್ಸರ್ ಜೊತೆ ಸಂಪರ್ಕ ಹೋದ್ರೆ ಅಲಾರಂ ಹೊಡೆಯುತ್ತಾ, ಅಥವಾ ಹಳೇ ಅಂಕಿ ನಿಂತಿರುತ್ತಾ? ಅವರ ಎದುರಿಗೇ ಸೆನ್ಸರ್ ವೈರ್ ಬಿಚ್ಚಿಸಿ ನೋಡಿ.

2. ಸಂಪರ್ಕ ಜೀವಂತ ಇದೆ ಅಂತ ತೋರಿಸೋ 'ಹಾರ್ಟ್‌ಬೀಟ್' ಇದೆಯಾ? ಪ್ರತಿ ಸೆಕೆಂಡ್ ಏರೋ ಒಂದು ಅಂಕಿ, ಅಷ್ಟೇ. ಅದು ನಿಂತರೆ ಮಾತು ನಿಂತಿದೆ ಅಂತ ಅರ್ಥ.

3. ನೆಟ್‌ವರ್ಕ್‌ಗೆ ಸಂಬಂಧವೇ ಇಲ್ಲದೆ, ನೇರ ವೈರ್‌ನಲ್ಲಿ ಪಂಪ್ ಆನ್ ಮಾಡೋ ಫ್ಲೋಟ್ ಸ್ವಿಚ್ ಇದೆಯಾ? ಪಿಎಲ್‌ಸಿ ಮೂಕಾದ್ರೂ ಅದು ಕೆಲಸ ಮಾಡುತ್ತೆ.

4. ಸೆನ್ಸರ್‌ನ ಮೇಲಿನಿಂದಲೇ ಎಳೆದು ತೆಗೆದು ಒರೆಸೋ ಹಾಗೆ ಜೋಡಿಸಿದಾರಾ? ಇಲ್ಲ ಅಂದ್ರೆ ಆ ಜೋಡಣೆಯೇ ತಪ್ಪು.

5. ವೈರಿಂಗ್ ಡ್ರಾಯಿಂಗ್, ವಿಳಾಸಗಳ ಪಟ್ಟಿ, ಪ್ರೋಗ್ರಾಂ ಬ್ಯಾಕಪ್, ಪಾಸ್‌ವರ್ಡ್ ನಗರಸಭೆಯ ಹತ್ರ ಇವೆಯಾ, ಗುತ್ತಿಗೆದಾರನ ಜೇಬಿನಲ್ಲಿವೆಯಾ?

6. ಯಾರಾದ್ರೂ 'ಇಳಿ' ಅಂದ್ರೆ ಕೇಳಿ: ಮ್ಯಾನ್ಯುಯಲ್‌ಗೆ ಹಾಕಿ ನೋಡಿದ್ರಾ? ಯಾವ ಸಾಧನ ಉತ್ತರ ಕೊಡ್ತಿಲ್ಲ? ಲೈನ್ ಅಳೆದ್ರೆ 60 ಬರ್ತಿದೆಯಾ? ಆಮೇಲೆ, ಆ ಆದೇಶವನ್ನ ಸಹಿ ಹಾಕಿ ಬರೆದುಕೊಡಿ ಅನ್ನಿ.

ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಐಟಿಐ, ಡಿಪ್ಲೊಮಾ ಮಾಡ್ತಿರೋರು ಈ ಕೆಲಸ ಕಲೀರಿ. ಯುಎಸ್‌ಬಿಯಿಂದ ಆರ್‌ಎಸ್-485ಗೆ ಹೋಗೋ ಒಂದು ಕನ್ವರ್ಟರ್, ಒಂದು ಮಲ್ಟಿಮೀಟರ್ ಇದ್ರೆ ಮನೆಯಲ್ಲೇ ಶುರು ಮಾಡಬಹುದು. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಅವರ ಮಕ್ಕಳು ನಾವು, ಯಂತ್ರಕ್ಕೆ ಹೆದರಬಾರದು. ಏನಾದ್ರೂ ಸಂದೇಹ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಹೇಳಿಕೊಡ್ತೀನಿ. ದುಡ್ಡು ಬೇಡ.

ಆ 120 ಓಮ್‌ನ ರೆಸಿಸ್ಟರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತೆ. ಅದನ್ನ ಹಾಕೋಕೆ, ಬಾಕ್ಸ್‌ಗೆ ಒಂದು ರಬ್ಬರ್ ಬದಲಾಯಿಸೋಕೆ ಬಜೆಟ್ ಇಲ್ಲ ಅನ್ನೋ ಆಡಳಿತ, ನಮ್ಮವರನ್ನ ಇಳಿಸೋಕೆ ಏಣಿ ಮಾತ್ರ ಯಾವಾಗಲೂ ತಯಾರಿಟ್ಟಿರುತ್ತೆ. ಮೊದಲು ಆ ಏಣಿಯನ್ನ ಅಲ್ಲಿಂದ ತೆಗೆಸೋಣ.

ಹಂಚಿಕೊಳ್ಳಿ. ಜೈಭೀಮ್.