ನೇಕಾರನಿಗೆ ವರುಷ, ಬ್ರಷ್ಷಿಗೆ ನಿಮಿಷ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಮಡಕೆಗೆ ಹೇಗೋ ಉಣ್ಣೆಯ ರತ್ನಗಂಬಳಿಗೂ ಹಾಗೆಯೇ ಸಲ್ಲುತ್ತದೆ. ಕಾಶ್ಮೀರದ್ದೋ ಪರ್ಷಿಯದ್ದೋ ಆದ ಒಂದು ಕಂಬಳಿ ಒಂಬತ್ತು ಅಡಿ ಉದ್ದ, ಆರು ಅಡಿ ಅಗಲವಿದ್ದು, ಚದರ ಅಂಗುಲಕ್ಕೆ 300 ಗಂಟುಗಳಿದ್ದರೆ, ಒಟ್ಟು ಗಂಟುಗಳು 23 ಲಕ್ಷವನ್ನು ಮೀರುತ್ತವೆ. ನೇಕಾರನೊಬ್ಬನು ದಿನಕ್ಕೆ ಎಂಟು ಸಾವಿರ ಗಂಟು ಹಾಕಿದರೂ ಅದು 290 ದಿನಗಳ ದುಡಿಮೆ. ಹಬ್ಬ ಹುಣ್ಣಿಮೆಗಳನ್ನು ಸೇರಿಸಿದರೆ ವರುಷವೇ ಆಯಿತು. ಇಂತಹ ವಸ್ತು ಸೋಮಾರಿಗಳ ಮನೆಯಲ್ಲಿ ಮಾತ್ರ ಕೆಡುವುದೆಂದು ತಿಳಿಯಬಾರದು. ಚೊಕ್ಕಟತನದ ಹುರುಪು ಅತಿಯಾದ ಮನೆಯಲ್ಲಿ ಅದು ಇನ್ನೂ ಬೇಗ ಕೆಡುವುದುಂಟು.

ಬೀದಿಯ ಧೂಳಿನೊಡನೆ ಬಂದ ಮರಳಿನ ಹರಳುಗಳು ರೋಮಗಳ ಬುಡಕ್ಕಿಳಿದು, ಮೇಲೆ ಕಾಲಿಟ್ಟಾಗಲೆಲ್ಲ ಉಣ್ಣೆಯನ್ನು ಕೊಯ್ಯುತ್ತವೆ. ಆದುದರಿಂದ ಧೂಳನ್ನು ತೆಗೆಯಲೇಬೇಕು. ಯಾವುದರಿಂದ ತೆಗೆಯಬೇಕೆಂಬುದೇ ಪ್ರಶ್ನೆ.

1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಗಾಳಿಯೊಡನೆ ಹೀರುವ ಯಂತ್ರವೊಂದನ್ನು ರಚಿಸಿದನು. ಕುದುರೆಗಾಡಿಯ ಮೇಲಿನ ಆ ಯಂತ್ರ ಬೀದಿಯಲ್ಲಿಯೇ ನಿಂತು, ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳನ್ನು ಮನೆಯೊಳಕ್ಕೆ ಚಾಚುತ್ತಿತ್ತು. ಕೆಲವು ವರ್ಷಗಳ ತರುವಾಯ, ಅಮೆರಿಕದ ಒಹಾಯೊ ಪ್ರಾಂತದ ಅಂಗಡಿಯೊಂದರಲ್ಲಿ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ರೋಗಿ, ದಿಂಬಿನ ಗವಸನ್ನೇ ಧೂಳಿನ ಚೀಲವನ್ನಾಗಿ ಕಟ್ಟಿ, ತಿರುಗುವ ಬ್ರಷ್ಷನ್ನು ಅಳವಡಿಸಿ, ಮನೆಗೊಪ್ಪುವ ಯಂತ್ರ ಮಾಡಿ 1908ರಲ್ಲಿ ಪೇಟೆಂಟು ಪಡೆದನು. ಇಂದಿನ ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಹಲವು ಇವೆರಡರ ಸಂತತಿ.

ಕೈಯಿಂದ ಗಂಟು ಹಾಕಿದ ಕಂಬಳಿಗೆ ಬೂತನ ಸೆಳೆತ ಸಾಕು. ಸ್ಪ್ಯಾಂಗ್ಲರನ ಬ್ರಷ್ಷು ಬೇಡ. ತಿರುಗುವ ಬ್ರಷ್ಷು ರೋಮವನ್ನು ಕೀಳುತ್ತದೆ, ಅಂಚಿನ ಕುಚ್ಚನ್ನು ಸುತ್ತಿಕೊಂಡು ಹರಿಯುತ್ತದೆ. ಈ ಕುಚ್ಚು ಅಂದಕ್ಕಾಗಿ ಹೊಲಿದ ದಾರವೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ನೇಯ್ಗೆಯ ಹಾಸಿನ ಎಳೆಗಳ ತುದಿ. ಅದು ಹರಿದರೆ ಅಂಚಿನ ಗಂಟುಗಳೂ ಸಡಿಲವಾಗತೊಡಗುತ್ತವೆ. ಆದುದರಿಂದ ಯಂತ್ರದ ಬ್ರಷ್ಷನ್ನು ನಿಲ್ಲಿಸಿ, ಬರಿಯ ಸೆಳೆತದಿಂದ, ರೋಮ ವಾಲಿದ ದಿಕ್ಕಿನಲ್ಲಿಯೇ ಎಳೆಯಬೇಕು. ಬೆಕ್ಕಿನ ಬೆನ್ನಿನಂತೆ ಕೈಯಿಂದ ಸವರಿದರೆ ಆ ದಿಕ್ಕು ತಿಳಿಯುತ್ತದೆ. ಆಗಾಗ ಕಂಬಳಿಯನ್ನು ಬೋರಲು ಹಾಕಿ ಹಿಂಬದಿಯಿಂದಲೂ ಧೂಳು ತೆಗೆಯಬೇಕು. ಯಂತ್ರವಿಲ್ಲದವರಿಗೆ ಮೆತ್ತನೆಯ ಪೊರಕೆಯಿದೆ. ಹಳೆಯ ಕಂಬಳಿಯನ್ನು ಗೋಡೆಯ ಮೇಲೆ ನೇತುಹಾಕಿ ಕೋಲಿನಿಂದ ಬಡಿಯುವುದು ಮಾತ್ರ ಸಲ್ಲದು. ಜೀರ್ಣವಾದ ಹತ್ತಿಯ ಎಳೆಗಳು ಆ ಪೆಟ್ಟನ್ನು ತಾಳವು.

ನೀರಿನ ವಿಷಯದಲ್ಲಿ ಪರ್ಷಿಯದವರ ರೂಢಿ ಗಮನಾರ್ಹವಾದುದು. ತೆಹರಾನಿನ ಬಳಿಯ ರೇ ಊರಿನಲ್ಲಿ ಚಶ್ಮೆ ಅಲಿ ಎಂಬ ಬುಗ್ಗೆಯಿದೆ. ಜನರು ಬಹುಕಾಲ ಅಲ್ಲಿ ಕಂಬಳಿಗಳನ್ನು ತೊಳೆದು ಪಕ್ಕದ ಬಂಡೆಗಳ ಮೇಲೆ ಹರಡುತ್ತಿದ್ದರು. ಹರಿಯುವ ತಣ್ಣೀರು, ಬೇಗನೆ ಆರಿಸುವ ಒಣ ಹವೆ, ಎರಡೂ ಅಲ್ಲಿದ್ದವು. ಮಳೆಗಾಲದ ಬೆಂಗಳೂರಿನ ಬಚ್ಚಲುಮನೆಯಲ್ಲಿ ಎರಡೂ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗಿನ ಹತ್ತಿ ತೇವವಾಗಿಯೇ ಉಳಿದು ಕೊಳೆಯುತ್ತದೆ. ಪೂರ್ತಿ ತೊಳೆಸಬೇಕಾದಾಗ, ಕೈಯಿಂದ ತೊಳೆದು ಚೆನ್ನಾಗಿ ಆರಿಸಿ ಕೊಡುವ ಅನುಭವಸ್ಥರಿಗೆ ಒಪ್ಪಿಸುವುದೇ ಲೇಸು.

ಅತಿಥಿಯ ಕೈಯಿಂದ ಕಾಫಿ ಚೆಲ್ಲಿದರೆ ಮನೆಯಾಕೆ ಮಾಡಬೇಕಾದುದು ಇಷ್ಟೇ: ಬಿಳಿಯ ಬಟ್ಟೆಯನ್ನು ಒತ್ತಿ ಒತ್ತಿ ಹೀರಿಸುವುದು. ಉಜ್ಜಿದರೆ ಕಲೆ ಹರಡುತ್ತದೆ, ರೋಮ ಸಿಕ್ಕುಗಟ್ಟುತ್ತದೆ. ನೀರು ತಾಗಿಸುವ ಮೊದಲು ಮೂಲೆಯೊಂದರಲ್ಲಿ ಒದ್ದೆಯ ಬಿಳಿ ಬಟ್ಟೆಯನ್ನು ಒತ್ತಿ ನೋಡಬೇಕು. ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಬೇಕು. ಬಿಸಿನೀರು, ವಾಷಿಂಗ್ ಸೋಡ ಎರಡೂ ವರ್ಜ್ಯ. ಕ್ಷಾರವು ಉಣ್ಣೆಯನ್ನು ಒರಟಾಗಿಸಿ ಸವೆಸುತ್ತದೆ.

ನುಸಿಯ ಮರಿಗಳು ಉಣ್ಣೆಯನ್ನೇ ತಿಂದು ಬೆಳೆಯುತ್ತವೆ. ಸೋಫಾದ ಕೆಳಗಿನ ಕತ್ತಲೆಯೇ ಅವುಗಳ ಬಿಡಾರ. ಆಗಾಗ ಪೀಠೋಪಕರಣಗಳನ್ನು ಸರಿಸಿ, ಕಂಬಳಿಯನ್ನು ತಿರುಗಿಸಿ ಹಾಸಿ, ಗಾಳಿಯಾಡಿಸಿದರೆ ಅವು ನೆಲೆಯೂರವು. ಎತ್ತಿಡುವಾಗ ಮಡಿಸದೆ, ಶುಚಿಮಾಡಿ ಸುರುಳಿ ಸುತ್ತಬೇಕು.

ಇಷ್ಟೆಲ್ಲಕ್ಕೂ ಮೊದಲು ಕಾಸು ಖರ್ಚಿಲ್ಲದ ಉಪಾಯವೊಂದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರುವ ಪದ್ಧತಿ. ಒಳಗೆ ಬಾರದ ಮರಳನ್ನು ಹೊರಗೆ ಹಾಕಲು ಯಾವ ಯಂತ್ರವೂ ಬೇಕಿಲ್ಲ.