ಚಾರ್ಮಾಡಿ ಘಾಟಿಯಲ್ಲಿ ಎರಡು ಕಾರುಗಳು

ಮಂಗಳೂರಿನಿಂದ ಬಿ.ಸಿ. ರೋಡ್, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಎಂಬ ಪುಟ್ಟ ಊರನ್ನು ತಲುಪಿದರೆ ಅಲ್ಲಿಂದ ಮುಂದೆ ರಸ್ತೆಯ ಸ್ವಭಾವವೇ ಬದಲಾಗುತ್ತದೆ. ಅದುವರೆಗೆ ಅಡಿಕೆ ತೋಟಗಳ ನಡುವೆ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿ ಬೆಟ್ಟದ ಮೈಗೆ ಅಂಟಿಕೊಂಡು ಮೇಲೇರತೊಡಗುತ್ತದೆ. ಒಂದು ಕಡೆ ನೀರು ಸೋರುವ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಳೆಗಾಲದಲ್ಲಿ ಪ್ರತಿ ತಿರುವಿನಲ್ಲೂ ಒಂದೊಂದು ಝರಿ. 2019ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಕುಸಿದು ಈ ದಾರಿ ಮುಚ್ಚಿಹೋಗಿದ್ದುದು ನಿಮಗೆ ನೆನಪಿರಬಹುದು. ಕಾರಿನ ನಿಜವಾದ ಗುಣ ತಿಳಿಯಬೇಕಿದ್ದರೆ ಅದನ್ನು ಷೋರೂಮಿನಲ್ಲಿ ನೋಡಬೇಡಿ, ಇಂತಹ ಘಾಟಿಯಲ್ಲಿ ನೋಡಿ.

ಕಳೆದ ಮಳೆಗಾಲದ ಕೊನೆಯಲ್ಲಿ ಮೂಡಿಗೆರೆಯ ಸಂಬಂಧಿಕರ ಮನೆಗೆ ನಾವು ಎರಡು ಕಾರುಗಳಲ್ಲಿ ಹೊರಟೆವು. ಒಂದು ನಮ್ಮ ತಂದೆಯವರ 2009ರ ಮಾರುತಿ 800. ಇನ್ನೊಂದು, ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಭಾವ ಮಂಗಳೂರಿನಲ್ಲಿ ಬಾಡಿಗೆಗೆ ಪಡೆದ ಹೊಸ ಆಟೋಮ್ಯಾಟಿಕ್ ಕಾರು.

ಮಾರುತಿ 800ರ ಬಗ್ಗೆ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಲ್ಲಿಸಿದ ಈ ಕಾರು ಎಷ್ಟೋ ಕುಟುಂಬಗಳ ಮೊದಲ ಕಾರು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್, ಪುಟ್ಟ ಚಕ್ರಗಳು. ಹದಿನೈದು ವರ್ಷ ತುಂಬಿದಾಗ ತಂದೆಯವರು ಅದನ್ನು ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದಾರೆ.

ಏರುವಾಗ ಹೊಸ ಕಾರು ಸುಲಭವಾಗಿ ಮುಂದೆ ಹೋಯಿತು. ಒಳಗೆ ತಂಪು, ಸದ್ದಿಲ್ಲ, ಗೇರು ಹಾಕುವ ಕೆಲಸವಿಲ್ಲ. ಹಳೆಯದು ಎರಡನೇ ಗೇರಿನಲ್ಲಿ ಗುನುಗುತ್ತಾ ಹಿಂದೆ ಬಂತು. ಆದರೆ ಅದರ ಪ್ರತಿ ಸದ್ದೂ ತಂದೆಯವರಿಗೆ ಗೊತ್ತು. ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದೂ ಗೊತ್ತು. ಕೆಟ್ಟರೂ ಉಜಿರೆಯಲ್ಲೋ ಮೂಡಿಗೆರೆಯಲ್ಲೋ ಅದನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಸಿಗುತ್ತಾನೆ. ಹೊಸ ಕಾರಿನಲ್ಲಿ ಒಂದು ಕೆಂಪು ದೀಪ ಉರಿದರೆ ಕಂಪ್ಯೂಟರ್ ತಂದು ಜೋಡಿಸಬೇಕು, ಬಾಡಿಗೆ ಕೊಟ್ಟವರನ್ನು ಫೋನಿನಲ್ಲಿ ಹುಡುಕಬೇಕು. ಘಾಟಿಯಲ್ಲಿ ಅದಕ್ಕೆ ಸಿಗ್ನಲ್ಲೂ ಬೇಕಲ್ಲ!

ಮರಳುವಾಗ ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುವಷ್ಟರಲ್ಲಿ ಮಂಜು ಇಳಿಯತೊಡಗಿತು. ಆಗ ತಂದೆಯವರು ಒಂದು ಮಾತು ಹೇಳಿದರು: "ಮಕ್ಕಳೆಲ್ಲ ಹೊಸ ಕಾರಿನಲ್ಲಿ ಕೂರಲಿ. ನನ್ನ ಕಾರು ದಾರಿಯಲ್ಲಿ ಕೈಕೊಡುವುದಿಲ್ಲ. ಆದರೆ ಎದುರಿನಿಂದ ಯಾರಾದರೂ ಬಂದು ಗುದ್ದಿದರೆ ಇದರಲ್ಲಿ ತಡೆಯುವುದು ಏನಿದೆ?"

ನಾವು 'ನಂಬಿಕೆಯ ಕಾರು' ಎನ್ನುವಾಗ ಎರಡು ಬೇರೆ ಬೇರೆ ನಂಬಿಕೆಗಳನ್ನು ಒಂದೇ ಎಂದುಕೊಳ್ಳುತ್ತೇವೆ. ದಾರಿಯಲ್ಲಿ ನಿಲ್ಲದು ಎಂಬುದು ಒಂದು ನಂಬಿಕೆ. ಅಪಘಾತವಾದರೆ ಜೀವ ಉಳಿಸೀತು ಎಂಬುದು ಇನ್ನೊಂದು. ಮಾರುತಿ 800ರಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ನಮ್ಮ ದೇಶದಲ್ಲಿ 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗಿ ಕಾರು ಜಾರದಂತೆ ಅದು ತಡೆಯುತ್ತದೆ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಹಳೆಯ ಕಾರಿಗೆ ಈ ಗುಣ ಬರದು.

ಹಾಗೆಂದು ಹೊಸ ಕಾರು ತಾನಾಗಿಯೇ ನಮ್ಮನ್ನು ಕಾಯುತ್ತದೆಯೇ? ಇಳಿಯತೊಡಗಿ ಸ್ವಲ್ಪ ಹೊತ್ತಿನಲ್ಲೇ ಬಾಡಿಗೆ ಕಾರಿನಿಂದ ಸುಟ್ಟ ವಾಸನೆ ಬರತೊಡಗಿತು. ಗಲ್ಫ್‌ನ ಸಪಾಟಾದ ರಸ್ತೆಗಳಿಗೆ ಒಗ್ಗಿಹೋಗಿದ್ದ ಭಾವ ಗೇರನ್ನು 'ಡಿ'ಯಲ್ಲೇ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದರು. ಹೀಗೆ ಸತತವಾಗಿ ತುಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒಳಗೆ ಮಕ್ಕಳಿದ್ದರು. ತಂದೆಯವರು ಹಾರ್ನ್ ಹೊಡೆದು ಅಗಲವಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಆರುವವರೆಗೆ ಕಾಯಿಸಿದರು. ಬಳಿಕ ಗೇರನ್ನು ಕೈಯಾರೆ ಬದಲಿಸುವ ಕ್ರಮಕ್ಕೆ ತಂದು ಎರಡನೇ ಗೇರಿನಲ್ಲೇ ಇಳಿಯಲು ಹೇಳಿದರು. ಯಾವ ಗೇರಿನಲ್ಲಿ ಏರುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಘಾಟಿಯ ಹಳೆಯ ಪಾಠ. ಆಗ ಇಂಜಿನ್ನೇ ಕಾರಿನ ವೇಗವನ್ನು ಹಿಡಿದಿಡುತ್ತದೆ. ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದನ್ನೂ ಮರೆಯಬಾರದು.

ನೀವೂ ರಜೆಯಲ್ಲಿ ಬಾಡಿಗೆ ಕಾರು ಪಡೆಯುವುದಾದರೆ ಮೊದಲು ನಂಬರ್ ಪ್ಲೇಟ್ ನೋಡಿ. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳಿರಬೇಕು. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವಂತಿಲ್ಲ. ಅಪಘಾತವಾದರೆ ವಿಮೆ ಸಿಗದೆ ಹೋದೀತು. ಟೈರು, ಸ್ಟೆಪ್ನಿ, ಜಾಕ್, ವೈಪರ್ ಪರೀಕ್ಷಿಸಿ. ಮೊದಲೇ ಇರುವ ಗೀರುಗಳ ಫೋಟೋ ತೆಗೆದಿಡಿ. ಘಾಟಿ ಹತ್ತುವ ಮುಂಚೆ ಸಪಾಟು ರಸ್ತೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಕಾರನ್ನು ಪರಿಚಯ ಮಾಡಿಕೊಳ್ಳಿ. ಹಳೆಯ ಕಾರಿನಲ್ಲೇ ಹೋಗುವುದಾದರೆ ಹಗಲಲ್ಲೇ ಹೋಗಿ, ಹಗಲಲ್ಲೇ ಇಳಿಯಿರಿ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ನೋಡಿಕೊಳ್ಳಿ.

ಹೊಸ ಕಾರಿನ ರಕ್ಷಣೆಯನ್ನು ಹಣ ಕೊಟ್ಟು ಪಡೆಯಬಹುದು. ಹಳೆಯ ಕಾರಿನೊಂದಿಗೆ ಬೆಳೆದ ತಿಳುವಳಿಕೆ ಬಾಡಿಗೆಗೆ ಸಿಗದು. ಘಾಟಿಯಲ್ಲಿ ಕುಟುಂಬಕ್ಕೆ ಬೇಕಾಗುವುದು ಎರಡೂ.